ಅಪ್‌ಡೇಟ್: ನಮ್ಮ ರೆಫ್ಯೂಜಿಯಂ ಈಗ ಹೀಗಿದೆ
ಮೂರು ತಿಂಗಳ ಹಿಂದೆ ಕೇಳಿದ್ದೆ: ಉಪ್ಪುನೀರಿನ ಟ್ಯಾಂಕ್ ತುಂಬ ಕೂದಲು ಪಾಚಿ, ನೈಟ್ರೇಟ್ (ಪಾಚಿಗೆ ಗೊಬ್ಬರವಾಗುವ ಕಶ್ಮಲ) ಲೀಟರಿಗೆ 40 ಮಿ.ಗ್ರಾಂ, ರೆಫ್ಯೂಜಿಯಂಗೆ (ಟ್ಯಾಂಕ್‌ನ ಕೆಳಗೆ ಜೋಡಿಸಿದ, ಪಾಚಿ ಬೆಳೆಸುವ ಚಿಕ್ಕ ತೊಟ್ಟಿ) ಏನು ಬಿಡಲಿ? ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಕೌಲರ್ಪಾ ಎಂಬ ಕಡಲಪಾಚಿ ಬೇಡ, ಲಿಂಗಾಣು (ಸಂತಾನದ ಕಣ) ಬಿಟ್ಟು ಒಮ್ಮೆಲೇ ಕರಗಿಹೋಗಬಹುದು ಎಂದಿದ್ದಿರಿ. ಅದಕ್ಕೇ ಕೀಟೊಮಾರ್ಫಾ (ದಾರದ ಗಂಟಿನಂಥ ಹಸಿರು ಪಾಚಿ) ಹಾಕಿದೆ. ರೆಫ್ಯೂಜಿಯಂ ಲೈಟ್ ರಾತ್ರಿ ಮಾತ್ರ ಉರಿಯುತ್ತದೆ, ಇದರಿಂದ ರಾತ್ರಿ ಪಿಎಚ್ ಜಾಸ್ತಿ ಇಳಿಯುವುದಿಲ್ಲ. ಎರಡು ವಾರಕ್ಕೊಮ್ಮೆ ಅರ್ಧ ಕಿತ್ತು ತೆಗೆಯುತ್ತೇನೆ. ಸುಮ್ನೆ ಬೆಳೆಸಿದರೆ ಸಾಲದು, ಹೊರಗೆ ತೆಗೆದಾಗಲೇ ನೈಟ್ರೇಟ್, ಫಾಸ್ಫೇಟ್ ಹೊರಹೋಗುವುದು ಅಲ್ವಾ? ಈಗ ನೈಟ್ರೇಟ್ 10.

ತೆಗೆದ ಗಂಟನ್ನು ಮೊದಲು ಟ್ಯಾಂಕ್ ನೀರಿರುವ ಬಿಳಿ ಬಕೆಟ್‌ನಲ್ಲಿ ಅಲ್ಲಾಡಿಸುತ್ತೇನೆ. ಅಕ್ಕಿ ನುಚ್ಚಿನಷ್ಟು ಆಂಫಿಪಾಡ್‌ಗಳು (ಸಿಗಡಿ ಬಳಗದ ಪುಟ್ಟ ಜೀವಿಗಳು) ಬಾಗಿ ಬಾಗಿ ಈಜುತ್ತವೆ. ಎಷ್ಟು ಹೊತ್ತು ನೋಡಿದರೂ ಸಾಲದು! ಅವನ್ನು ವಾಪಸ್ ಬಿಡುತ್ತೇನೆ.

ಒಂದು ತಪ್ಪಾಯಿತು. ರೆಫ್ಯೂಜಿಯಂಗೆ ಹರ್ಮಿಟ್ ಏಡಿ (ಖಾಲಿ ಚಿಪ್ಪಿನಲ್ಲಿ ವಾಸಿಸುವ ಏಡಿ) ಬಿಟ್ಟೆ. ಅದು ಎರಡು ಬಸವನಹುಳುಗಳನ್ನು ಕೊಂದು ಚಿಪ್ಪಿನೊಳಗೆ ಸೇರಿಕೊಂಡಿತು. ತುಂಬಾ ಬೇಜಾರಾಯಿತು. ಈಗ ಅಲ್ಲಿ ಇನ್ನೂ ಚಿಕ್ಕ ಜೀವಿಗಳಾದ ಕೋಪೆಪಾಡ್, ಜೊತೆಗೆ ಆಂಫಿಪಾಡ್ ಮಾತ್ರ. ಮೇಲಿನ ಟ್ಯಾಂಕ್‌ನಲ್ಲಿ ಟ್ರೋಕಸ್ ಬಸವನಹುಳು ಇವೆ, ಮಗುಚಿ ಬಿದ್ದರೂ ತಾವೇ ಎದ್ದುಕೊಳ್ಳುತ್ತವೆ.

ಮೈಸೂರಿನ ಏಪ್ರಿಲ್ ಬಿಸಿಲಿಗೆ ನೀರು ಬೇಗ ಆರಿ ಉಪ್ಪು ಏರುತ್ತಿತ್ತು. ದಿನಾ ಬೆಳಿಗ್ಗೆ ಆರ್‌ಒ (ಫಿಲ್ಟರ್ ಮಾಡಿದ ಶುದ್ಧ) ನೀರು ಸೇರಿಸಿ ಉಪ್ಪಿನಂಶ ತೋರಿಸುವ ಸಾಪೇಕ್ಷ ಸಾಂದ್ರತೆಯನ್ನು 1.025ಕ್ಕೆ ನಿಲ್ಲಿಸುತ್ತೇನೆ. ನಲ್ಲಿ ನೀರು ಹಾಕುವುದನ್ನು ಪೂರ್ತಿ ನಿಲ್ಲಿಸಿದೆ.

ಕುವೆಂಪುನಗರದ ಹತ್ತಿರ ಯಾರಿಗಾದರೂ ಕೀಟೊಮಾರ್ಫಾ ಬೇಕಿದ್ದರೆ ಹೇಳಿ, ಭಾನುವಾರ ಕೀಳುತ್ತೇನೆ. ಆಂಫಿಪಾಡ್ ಸಮೇತ ಕೊಡುತ್ತೇನೆ.