ಒಂಬತ್ತು ಚರ್ಚಿನ ಪಟ್ಟಿ, ಮತ್ತ ನಾವು ಇಳಿಯದ ಒಂದು ಸ್ಟೇಷನ್

ಹಲೋ, ಎಲ್ಲಾರಿಗೂ ನಮಸ್ಕಾರ್ರಿ. ಮುಂಜಾನೆ ಒಂದು ಸಲ ಎಲ್ಲಾ ಹೇಳಿದ್ದೆ, ಬೆರಳು ಜಾರಿ ಪೂರಾ ಅಳಿಸಿ ಹೋತು. ಈಗ ಮತ್ತ ಮೊದಲಿಂದ ಹೇಳ್ತೀನಿ. ಉದ್ದ ಆಗ್ತದ, ಬೇಕಾದವರು ಸ್ಪೀಡ್ ಹೆಚ್ಚು ಮಾಡ್ಕೊಂಡು ಕೇಳ್ರಿ. ನನ್ನ ಮಗಳು ಹಂಗೇ ಕೇಳ್ತಾಳ.

ನಮ್ಮ ಪುಣೆಯ ಕನ್ನಡ ಕ್ರೈಸ್ತರ ಗ್ರೂಪಿನಾಗ ಸೆಕ್ರೆಟರಿ ಸಾಹೇಬ್ರು ಜನವರಿ ಯಾತ್ರೆದ ಪೋಸ್ಟರ್ ಹಾಕ್ಯಾರ. ಪುಣೆಯಿಂದ ಗೋವಾ, 3 ದಿನ, 9 ಚರ್ಚು, ನಡುವ ಒಂದು ಬೀಚು, ರಾತ್ರಿ ಬೋಟಿನ ಮ್ಯಾಲ ಊಟ. ಅದರ ಕೆಳಗ ನಮ್ಮ ಅಣ್ಣನ ಮಗ, "470 ವರ್ಷದ ಹಿಂದಿನ ಹೆಣ ನೋಡಾಕ ಬಸ್ಸು ಮಾಡ್ಕೊಂಡು ಹೋಗೂದು ಬೈಬಲಿನಾಗ ಎಲ್ಲಿ ಬರದದ?" ಅಂತ ಕೇಳ್ಯಾನ, ಗೋವಾದಾಗ ಇಟ್ಟಿರೂ ಕ್ಯಾಥೊಲಿಕ್ ಸಂತ ಫ್ರಾನ್ಸಿಸ್ ಝೇವಿಯರ್ ಅವರ ದೇಹದ ಬಗ್ಗೆ. ಅದನ್ನ ಓದಿ ಪುಣೆ ಕ್ಯಾಂಪ್ ಏರಿಯಾದ ಆಂಟಿ ಗ್ರೂಪ್ ಬಿಟ್ಟೇ ಹೋದ್ರು, ಸಂಜಿಕಿ ಅವರ ಯಜಮಾನ್ರು ತಿರುಗಿ ಸೇರಿಸಿದ್ರು.

ನಾನು ಎರಡೂ ಕಡಿಯಾಕಿ. ತವರುಮನಿ ಬೀದರ, ಮೆಥೊಡಿಸ್ಟ್, ಅಂದ್ರ ಪ್ರೊಟೆಸ್ಟಂಟ್. ಗಂಡನ ಮನಿ ಕಾರವಾರ, ಕ್ಯಾಥೊಲಿಕ್. ಈ ಜಗಳ ನಮ್ಮ ಮನ್ಯಾಗ 31 ವರ್ಷದಿಂದ ನಡದದ, ಹಿಂಗಾಗಿ ನನಗ ರೂಢಿ ಆಗ್ಯಾದ.

ಮೊದಲು ಅಣ್ಣನ ಮಗನಿಗೆ. ಬೈಬಲಿನಾಗ ಎಲ್ಲಿ ಅಂತ ಕೇಳೀದಿ, ತಗೋ. ವಿಮೋಚನಕಾಂಡ 13ನೇ ಅಧ್ಯಾಯ, 19ನೇ ವಚನ. ಐಗುಪ್ತದಿಂದ ಓಡಿ ಬರೂ ಅವಸರದಾಗೂ ಮೋಶೆ ಯೋಸೇಫನ ಎಲುಬು ಹೊತ್ಕೊಂಡು ಬಂದ. ರೊಟ್ಟಿ ಹಿಟ್ಟು ಹುಳಿ ಬರಾಕ ಟೈಮ್ ಇದ್ದಿಲ್ಲ, ಆದ್ರ ಎಲುಬು ಬಿಡಲಿಲ್ಲ. ಅದಕ್ಕ ಅಡ್ಡ ಬೀಳು ಅಂತ ಅಲ್ಲಿ ಬರದಿಲ್ಲ, ಅದೂ ಖರೆ. ಆದ್ರ ಸತ್ತವರನ್ನ ನೆನಪಿಟ್ಟು ಹೊತ್ಕೊಂಡು ಹೋಗೂದು ಕ್ಯಾಥೊಲಿಕ್‌ರು ಹುಟ್ಟಿಸಿದ ಪದ್ಧತಿ ಅಲ್ಲ ನೋಡಪಾ. ಇನ್ನ ಜನವರಿಯಾಗ ನಿನಗ ಹೆಣ ಕಾಣಂಗೇ ಇಲ್ಲ. ಸಂತ ಫ್ರಾನ್ಸಿಸ್ ಝೇವಿಯರ್ ಅವರ ದೇಹ ಇರೂದು ಬೆಳ್ಳಿ ಪೆಟ್ಟಿಗ್ಯಾಗ, ಆ ಪೆಟ್ಟಿಗಿ ಬಾಂ ಜೀಸಸ್ ಬಸಿಲಿಕದಾಗ ಅಮೃತಶಿಲೆಯ ಸಮಾಧಿ ಮ್ಯಾಲ, ನಮ್ಮ ತಲಿ ಎಷ್ಟು ಎತ್ತಿದ್ರೂ ಎಟುಕದಷ್ಟು ಎತ್ತರದಾಗ. ಕೆಳಗ ಇಳಿಸೂದು 10 ವರ್ಷಕ್ಕೊಮ್ಮೆ. ಕಡೀ ಸಲ 2024ರ ನವೆಂಬರ್ 21ರಿಂದ 2025ರ ಜನವರಿ 5ರ ತನಕ ಇಳಿಸಿ, ಎದುರಿನ ಸೆ ಕೆಥೆಡ್ರಲ್‌ನಾಗ ಇಟ್ಟಿದ್ರು. ನೀ ಜಗಳ ಆಡೂದಿದ್ರ ಇನ್ನ ಭಾಳ ವರ್ಷ ಟೈಮ್ ಅದ.

ಆ 2024ರ ಡಿಸೆಂಬರ್‌ನಾಗ ನಾವು ಹೋಗಿದ್ವಿ. ಅದನ್ನ ಹೇಳಲಿಲ್ಲಂದ್ರ ಈ ಪೋಸ್ಟರ್ ಯಾಕ ಬ್ಯಾಡ ಅಂತೀನಿ ತಿಳಿಯಂಗಿಲ್ಲ. ಒಬ್ಬ ಟೂರಿನವರ ಜೊತಿ ಹೋಗಿದ್ವಿ, ಅವರ ಹೆಸರು ಬ್ಯಾಡ. ಅವರದೂ ಹಿಂಗೇ ಪಟ್ಟಿ, 2 ದಿನದಾಗ 9 ಜಾಗ. ನಮ್ಮ ಅತ್ತಿಯವರಿಗೆ ಆಗ 81 ವರ್ಷ. 1952ರ ದರ್ಶನಕ್ಕ ಆಕಿ ಕಾರವಾರದಿಂದ ತಂದಿ ಜೊತಿ ಹೋಗಿದ್ರಂತ, ಜನದ ನಡುವ ಅಪ್ಪ ಎತ್ತಿ ತೋರಿಸಿದ್ದನಂತ. ಪಾದ ಅಷ್ಟೇ ಕಂಡಿತ್ತು ಅಂತಾರ. 72 ವರ್ಷದ ಮ್ಯಾಲ ಅದೇ ಪಾದ ಇನ್ನೊಮ್ಮೆ ನೋಡಬೇಕಂತ ಬಂದಿದ್ರು. 3 ತಾಸು ಪಾಳಿ. ಪೆಟ್ಟಿಗಿ ಮುಂದ ಬಂದ ಮ್ಯಾಲ ನಿಲ್ಲಾಕ ಸಿಕ್ಕಿದ್ದು ಒಂದು ಉಸಿರಿನಷ್ಟು. ಅದಕ್ಕ ಬ್ಯಾಸರಿಲ್ಲ, ಹಿಂದ ಸಾವಿರ ಜನ ಇದ್ರು. ಹೊರಗ ಬಂದು ಒಂದು ಕಟ್ಟಿ ಮ್ಯಾಲ ಕೂತು ಜಪಸರ ತಗದಾರ, ಅಷ್ಟರಾಗ ಟೂರಿನವ ಫೋನ್ ಮಾಡಾಕ ಹತ್ತಿದ, "ಆಂಟಿ, ಮುಂದಿನ ಪಾಯಿಂಟ್ ಲೇಟ್ ಆಗ್ತದ." ಪಾಯಿಂಟ್! ಆ ಮುಂದಿನ ಪಾಯಿಂಟ್ ಯಾವುದು ಅಂದ್ರ ಗೋಡಂಬಿ ಅಂಗಡಿ. ಅತ್ತಿ ವಾಪಸ್ ಬರೂ ತನಕ ಯಾರ ಜೊತಿನೂ ಮಾತಾಡಲಿಲ್ಲ.

ಅದಕ್ಕ ನಾ ಹೇಳೂದು, ಒಂಬತ್ತು ಬ್ಯಾಡ. ಹಳೇ ಗೋವಾ ಒಂದಕ್ಕೇ ಒಂದು ಪೂರಾ ದಿನ ಕೊಡ್ರಿ. ಬಾಂ ಜೀಸಸ್, ಸೆ ಕೆಥೆಡ್ರಲ್, ಗುಡ್ಡದ ಮ್ಯಾಲ ಬಿದ್ದ ಸಂತ ಅಗಸ್ಟೀನರ ಗೋಪುರ, ಸಾಕು. ಮತ್ತ ನೋಡೂದರ ಮೊದಲು ಬಸ್ಸಿನಾಗ ಕಥಿ ಹೇಳ್ರಿ. ಹಿಂದಿ ಅಂತಾಕ್ಷರಿ ಆಮ್ಯಾಗ.

ಯಾವ ಕಥಿ ಅಂದ್ರ, ಝೇವಿಯರ್ 1542ರಾಗ ಗೋವಾಕ್ಕ ಬಂದಾಗ ಕೈಯಾಗ ಗಂಟಿ ಹಿಡ್ಕೊಂಡು ಓಣಿ ಓಣಿ ತಿರುಗಿ ಹುಡುಗರನ್ನ, ಆಳುಮಕ್ಕಳನ್ನ ಕರದು ಪಾಠ ಹೇಳ್ತಿದ್ರು. ಸಂಡೆ ಸ್ಕೂಲ್ ಟೀಚರ್‌ಗಳೇ, ಕೇಳ್ಸ್ಕೋತೀರಿಲ್ಲೋ? 1552ರ ಡಿಸೆಂಬರ್ 3ಕ್ಕ ಚೀನಾದ ಬಾಗಿಲಿನಾಗ, ಒಂದು ಸಣ್ಣ ದ್ವೀಪದಾಗ ತೀರಿಕೊಂಡ್ರು. ಅಲ್ಲಿಂದ ಮಲಾಕ್ಕಾ, 1554ರಾಗ ಗೋವಾ. ಬಲಗೈ ಮಾತ್ರ 1614ರಾಗ ಕತ್ತರಿಸಿ ರೋಮಿಗೆ ಒಯ್ದಾರ. ಸಮಾಧಿಯ ಅಮೃತಶಿಲೆ ಕೆಲಸ ಇಟಲಿಯ ಫ್ಲಾರೆನ್ಸಿನವರದು, ಆದ್ರ ಮ್ಯಾಲಿನ ಬೆಳ್ಳಿ ಪೆಟ್ಟಿಗಿ ಮಾಡಿದವರು ಗೋವಾದ ಅಕ್ಕಸಾಲಿಗರು. ಮುಖ ಎತ್ತಿ ಆ ಬೆಳ್ಳಿ ಕೆಲಸ ನೋಡ್ರಿ.

ಇನ್ನೊಂದೂ ಹೇಳಬೇಕು. ಕ್ಯಾಂಪಿನ ಆಂಟಿ, ಸಿಟ್ಟಾಗಬ್ಯಾಡ್ರಿ. ಗೋವಾಕ್ಕ ಇನ್‌ಕ್ವಿಸಿಷನ್, ಅಂದ್ರ ಚರ್ಚಿನ ನಂಬಿಕಿ ಮೀರಿದವರನ್ನ ವಿಚಾರಿಸಿ ಶಿಕ್ಷೆ ಕೊಡೂ ಕೋರ್ಟು, ಬೇಕು ಅಂತ 1546ರಾಗ ಪೋರ್ಚುಗಲ್ ರಾಜನಿಗೆ ಪತ್ರ ಬರದವರೂ ಇದೇ ಝೇವಿಯರ್. ಅದು ಸುರು ಆಗಿದ್ದು 1560ರಾಗ, ಅವರು ಸತ್ತ ಮ್ಯಾಲ. ಪೂರಾ ನಿಂತಿದ್ದು 1812ಕ್ಕ. ಎಷ್ಟು ಮನಿ ಊರು ಬಿಟ್ಟು ಕಾರವಾರ, ಮಂಗಳೂರು ಕಡೆ ಓಡಿ ಬಂದ್ವು! ಹಿಂದೂಗಳೂ ಬಂದ್ರು, ಕ್ರೈಸ್ತರೂ ಬಂದ್ರು. ಪ್ರಾರ್ಥನಿಗೆ ಹೋದವರು ಇದನ್ನ ಮುಚ್ಚಿಟ್ಟು ಬರಬಾರದು ಅನ್ನೂದು ನನ್ನ ಮಾತು. ನಮ್ಮ ಅತ್ತಿ ಇದಕ್ಕ ಒಪ್ಪಂಗಿಲ್ಲ. "ಸಂತರ ಮನಿಗೆ ಹೋಗಿ ಅವರ ತಪ್ಪು ಎಣಸ್ತೀ ಏನ?" ಅಂತಾರ. ಎಣಸಬೇಕಾಗ್ತದ್ರಿ, ಏನು ಮಾಡೂದು.

ಅಗಸ್ಟೀನರ ಗೋಪುರ ಈಗ ಕೆಂಪು ಕಲ್ಲಿನ ಹಾಳು, ಒಂದೇ ಒಂದು ಗೋಡಿ ಆಕಾಶಕ್ಕ ನಿಂತದ, 46 ಮೀಟರ್. ಅಣ್ಣನ ಮಗನೇ, ಅಲ್ಲೂ ನಿನಗ ಉತ್ತರ ಅದ. ಕೆತೆವಾನ್ ಅಂತ ಜಾರ್ಜಿಯಾ ದೇಶದ ರಾಣಿ. ಆಕಿ ಕ್ಯಾಥೊಲಿಕ್ ಅಲ್ಲ, ಪ್ರೊಟೆಸ್ಟಂಟ್ ಅಲ್ಲ, ಆರ್ಥೊಡಾಕ್ಸ್. ನಂಬಿಕಿ ಬಿಡಂಗಿಲ್ಲ ಅಂದದ್ದಕ್ಕ 1624ರಾಗ ಇರಾನಿನ ಶಿರಾಜ್‌ನಾಗ ಹಿಂಸೆ ಕೊಟ್ಟು ಕೊಂದ್ರು. ಆಕಿ ಎಲುಬು ಅಗಸ್ಟೀನ್ ಸನ್ಯಾಸಿಗಳು ಇಲ್ಲಿಗೆ ತಂದು ಇಟ್ಟಿದ್ರು. ಚರ್ಚು ಕುಸಿತು, ಜಾಗ ಮರತು ಹೋತು. ಪುರಾತತ್ವ ಇಲಾಖೆಯವರು ಅಗದು ಎಲುಬು ತಗದ್ರು, ಹೈದರಾಬಾದಿನ ಸಿಸಿಎಂಬಿ ಪ್ರಯೋಗಾಲಯದಾಗ ಡಿಎನ್‌ಎ ಪರೀಕ್ಷೆ ಆತು, 2021ರಾಗ ನಮ್ಮ ಸರಕಾರ ಅದನ್ನ ಜಾರ್ಜಿಯಾಕ್ಕ ಕೊಟ್ಟಿತು. ಒಂದು ದೇಶ 400 ವರ್ಷ ಆದ ಮ್ಯಾಲೂ ತನ್ನ ಹೆಣ್ಣುಮಗಳ ಎಲುಬು ಹುಡುಕಿಕೊಂಡು ಬಂತಲ್ಲ, ಅವರಿಗೆ ಹೋಗಿ ಕೇಳು "ಬೈಬಲಿನಾಗ ಎಲ್ಲಿ" ಅಂತ.

ಎರಡನೇ ದಿನ ಬಾಣಾವಲಿ, ಅಂದ್ರ ಬೆನೌಲಿಮ್. ಪೋಸ್ಟರಿನಾಗ ಅದು ಬೀಚಿನ ಹೆಸರು ಅಷ್ಟೇ. ಅಲ್ಲೇ 1651ರಾಗ ಸಂತ ಜೋಸೆಫ್ ವಾಜ್ ಹುಟ್ಟಿದ್ದು, ಅಲ್ಲಿನ ಸ್ನಾನಿಕ ಯೊವಾನ್ನರ ಚರ್ಚಿನಾಗೇ ದೀಕ್ಷಾಸ್ನಾನ. ನಮಗ ಇವರು ಯಾಕ ಬೇಕು ಅಂದ್ರ, 1681ರಿಂದ 84ರ ತನಕ ಇವರು ಕೆನರಾದಾಗ, ಅಂದ್ರ ನಮ್ಮ ಕರಾವಳಿಯಾಗ ಇದ್ರು. ಮಂಗಳೂರು, ಬಸ್ರೂರು, ಗಂಗೊಳ್ಳಿ ಕಡೆಲ್ಲಾ ತಿರುಗ್ಯಾರ. ಕೆಳದಿ ಚೆನ್ನಮ್ಮನ ಆಳ್ವಿಕಿ ಕಾಲ ಅದು! ಆಮ್ಯಾಗ ಸಿಲೋನಿಗೆ, ಅಂದ್ರ ಈಗಿನ ಶ್ರೀಲಂಕಾಕ್ಕ ಹೋದ್ರು. ಅಲ್ಲಿ ಡಚ್ಚರು ಕ್ಯಾಥೊಲಿಕ್ ಪಾದ್ರಿಗಳನ್ನ ಒಳಗ ಬಿಡ್ತಿದ್ದಿಲ್ಲ, ಅದಕ್ಕ ಹರಕು ಬಟ್ಟಿ ಹಾಕ್ಕೊಂಡು ಕೂಲಿಯವನ ವೇಷದಾಗ. ನೋಡ್ರಿ, ಆ ಡಚ್ಚರು ಪ್ರೊಟೆಸ್ಟಂಟ್‌ರು. ನಮ್ಮವರೂ ಏನು ಕಮ್ಮಿ ಇದ್ದಿಲ್ಲ. 1711ರ ಜನವರಿ 16ಕ್ಕ ಕ್ಯಾಂಡಿಯಾಗ ತೀರಿಕೊಂಡ್ರು, 2015ರಾಗ ಸಂತ ಪದವಿ. ಮಂಗಳೂರು ಮೂಲದವರು ಗ್ರೂಪಿನಾಗ ಹತ್ತು ಮನಿ ಇದ್ದೀರಿ, ಬಸ್ಸಿನಾಗ ಅವರ ಕಥಿ ನೀವೇ ಹೇಳ್ರಿ.

ಮೂರನೇ ದಿನ ಬೀಚಿಗೆ ಹೋಗ್ರಿ, ಹುಡುಗರು ಬರ್ತಾವ, ಬ್ಯಾಡ ಅನ್ನಂಗಿಲ್ಲ.

ಈಗ ನನ್ನ ನಿಜವಾದ ಮಾತು. ಗೋವಾಕ್ಕ ಹೋಗೂದರ ಮೊದಲು, ಡಿಸೆಂಬರಿನ ಒಂದು ಶನಿವಾರ ಕೇಡಗಾಂವ್‌ಗೆ ಹೋಗೂಣು. ಬೀದರ, ಕಲಬುರಗಿ, ಸೊಲ್ಲಾಪುರ ಕಡಿಯವರು ನಾವು, ಊರಿಗೆ ಹೋಗುವಾಗ ಪ್ರತಿ ಸಲ ಆ ಸ್ಟೇಷನ್ ದಾಟೇ ಹೋಗ್ತೀವಿ. ದೌಂಡ್ ಬರೂದರ ಮೊದಲು, ಪುಣೆಯಿಂದ 60 ಕಿಲೋಮೀಟರ್ ಆಗಬಹುದು. ನಾನು ಎಷ್ಟೋ ವರ್ಷ ದಾಟೀನಿ, ಒಂದು ಸಲನೂ ಕಿಟಕಿ ಹೊರಗ ನೋಡಿದ್ದಿಲ್ಲ. ಅಲ್ಲಿ ಪಂಡಿತಾ ರಮಾಬಾಯಿ ದಿಕ್ಕಿಲ್ಲದ ಹೆಣ್ಣುಮಕ್ಕಳಿಗಂತ ಕಟ್ಟಿದ ಮುಕ್ತಿ ಮಿಷನ್ ಅದ.

ಮರಾಠಿಯವರು ಆಕಿ ತಮ್ಮಾಕಿ ಅಂತಾರ, ಅನ್ನಲಿ. ಹುಟ್ಟಿದ್ದು ಮಾತ್ರ 1858ರಾಗ ನಮ್ಮ ಘಟ್ಟದಾಗ, ಕಾರ್ಕಳದ ಮಾಳ ಹತ್ರ ಗಂಗಾಮೂಲದಾಗ. ತಂದಿ ಅನಂತಶಾಸ್ತ್ರಿ ಡೋಂಗ್ರೆ, ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕ ಜನರ ಕೈಲಿ ಬೈಸಿಕೊಂಡ ಮನುಷ್ಯ. ಕೂಸು ಇದ್ದಾಗಲೇ ಮನಿ ಬಿಟ್ಟು ಕ್ಷೇತ್ರದಿಂದ ಕ್ಷೇತ್ರಕ್ಕ ಪುರಾಣ ಓದಿಕೋತ ನಡದ ಕುಟುಂಬ. ಬರಗಾಲದಾಗ ತಂದಿ ತಾಯಿ ಸತ್ರು, ಅಣ್ಣನ ಜೊತಿ ಸಾವಿರಾರು ಮೈಲಿ ಬರಿಗಾಲಿನಾಗ. ಯಾತ್ರೆ ಅಂದ್ರ ಏನು ಅಂತ ಆಕಿಗೆ ನಾವು ಹೇಳಬೇಕಾಗಿಲ್ಲ. 1878ರಾಗ ಕಲ್ಕತ್ತಾದಾಗ ಪಂಡಿತಾ, ಸರಸ್ವತಿ ಅನ್ನೂ ಬಿರುದು. 1883ರಾಗ ಇಂಗ್ಲಂಡಿನಾಗ ದೀಕ್ಷಾಸ್ನಾನ ತಗೊಂಡು ಕ್ರೈಸ್ತರಾದ್ರು. ಮಧ್ಯಪ್ರಾಂತ್ಯದ ಬರ, ಗುಜರಾತಿನ ಬರ ಬಂದಾಗ, ಸಾಯಾಕ ಬಿದ್ದ ಹುಡುಗಿಯರನ್ನ ನೂರುಗಟ್ಟಲೆ ಕರಕೊಂಡು ಬಂದು ಕೇಡಗಾಂವ್‌ನಾಗ ಇಟ್ರು. ನಮ್ಮ ಕಲಬುರಗಿಯಾಗೂ ಶಾಲಿ ತಗದಿದ್ರು. ಹೀಬ್ರೂ, ಗ್ರೀಕ್ ಕಲ್ತು ಮೂಲದಿಂದ ಬೈಬಲ್ ಮರಾಠಿಗೆ ತಂದ್ರು, ಅಚ್ಚಿನ ಮೊಳೆ ಜೋಡಿಸಿ ಮುದ್ರಿಸಿದವರು ಅಲ್ಲಿನ ಹೆಣ್ಣುಮಕ್ಕಳೇ. 1922ರ ಏಪ್ರಿಲ್‌ನಾಗ ಕಣ್ಣು ಮುಚ್ಚೂ ತನಕ ಅದೇ ಕೆಲಸ.

ಹೋದ ವರ್ಷ ನಾನು ಮಗಳ ಜೊತಿ ಹೋಗಿ ಬಂದೆ. ಗದ್ದಲ ಇಲ್ಲ, ಮೇಣದಬತ್ತಿ ಅಂಗಡಿ ಇಲ್ಲ. ಅದು ಮ್ಯೂಸಿಯಂ ಅಲ್ರಿ, ಈಗಲೂ ಹೆಣ್ಣುಮಕ್ಕಳು ಇರೂ ಮನಿ. ಅದಕ್ಕ 40 ಮಂದಿ ಒಮ್ಮೆಲೇ ನುಗ್ಗಂಗಿಲ್ಲ, ಮುಂಚೆನೇ ಪತ್ರ ಬರದು ಕೇಳಬೇಕು, ಮಕ್ಕಳ ಫೋಟೋ ತಗಿಯಂಗಿಲ್ಲ, ಸ್ಟೇಟಸ್ಸಿಗೆ ಹಾಕಂಗಿಲ್ಲ. ಊಟದ ಡಬ್ಬಿ ನಾವೇ ಒಯ್ಯೂಣು.

ಪತ್ರ ನಾ ಬರೀತೀನಿ. ಇಂಗ್ಲಿಷ್ ತಿದ್ದಿ ಕೊಡೂ ಕೆಲಸ ಅಣ್ಣನ ಮಗಂದು, ಇಷ್ಟು ಬೈಬಲ್ ಕೇಳ್ತಾನ, ಅಷ್ಟರೇ ಮಾಡಲಿ. ದೌಂಡ್ ಲೋಕಲ್ ಮುಂಜಾನೆ ಎಷ್ಟಕ್ಕ ಬಿಡ್ತದ ಅಂತ ಹಡಪ್ಸರದವರು ಯಾರರೆ ನೋಡಿ ಹಾಕ್ರಿ. ಕ್ಯಾಂಪಿನ ಆಂಟಿ, ನೀವು ಬರಲೇಬೇಕು. ನಮ್ಮ ಅತ್ತಿನೂ ಬರ್ತೀನಿ ಅಂದಾರ, ಮೆಥೊಡಿಸ್ಟ್ ಜಾಗ ಏನ ಅಂತ ಎರಡು ಸಲ ಕೇಳಿ, ಅಲ್ಲ ಅಂದ ಮ್ಯಾಲ. ಆಕಿಗೆ ಕಿಟಕಿ ಸೀಟು ಹಿಡೀರಿ, ಬಲಕ್ಕ ಎಡಕ್ಕ ಯಾವುದಾದ್ರೂ ನಡೀತದ.