ಪದಚರ್ಚೆ: ಕಡಲ ನೀರು ನಿಂತ ‘ಕಾಲುವೆ’ಗೆ ಕನ್ನಡದಲ್ಲಿ ಏನೆನ್ನೋಣ?

ಬಳಗದ ಹಿರಿಯರಿಗೂ ಗೆಳೆಯರಿಗೂ ವಂದನೆಗಳು.

ಕಳೆದ ಜೂನ್ ತಿಂಗಳಲ್ಲಿ ಮಗಳ ಮನೆಗೆಂದು ಡೆನ್ಮಾರ್ಕಿನ ಕೋಪನ್‌ಹೇಗನ್ನಿಗೆ ಹೋಗಿದ್ದಾಗ, 12 ಜನ ಮಾತ್ರ ಕೂರುವ ಒಂದು ಸಣ್ಣ ವಿದ್ಯುತ್ ದೋಣಿಯಲ್ಲಿ ಆ ಊರಿನ ಒಳನೀರನ್ನೂ ಬಂದರನ್ನೂ ಎರಡು ಗಂಟೆ ಸುತ್ತಿ ಬಂದೆ. ಊರಿಗೆ ಮರಳಿದ ಮೇಲೆ ಅದರ ಬಗ್ಗೆ ಲೇಖನವೊಂದನ್ನು ಬರೆದು ಪತ್ರಿಕೆಗೆ ಕಳುಹಿಸಿದೆ. ನಾನು ‘ಕಾಲುವೆ’ ಎಂದು ಬರೆದಲ್ಲೆಲ್ಲ ಸಂಪಾದಕರು ‘ನಾಲೆ’ ಎಂದು ತಿದ್ದಿ ಕರಡನ್ನು ಒಪ್ಪಿಗೆಗಾಗಿ ಹಿಂದಿರುಗಿಸಿದ್ದಾರೆ. ತಿದ್ದುಪಡಿ ನನಗೆ ಒಪ್ಪಿಗೆಯಾಗಲಿಲ್ಲ; ಆದರೆ ಯಾಕೆ ಒಪ್ಪಿಗೆಯಿಲ್ಲ ಎಂದು ಅವರಿಗೆ ಬರೆಯಲು ಕುಳಿತಾಗ, ನನ್ನ ‘ಕಾಲುವೆ’ಯೂ ಅಲ್ಲಿ ಸರಿಯಾಗಿ ಹೊಂದುವುದಿಲ್ಲವೆಂಬುದು ಮನಸ್ಸಿಗೆ ಬಂತು. ಆ ತೊಡಕನ್ನು ನಿಮ್ಮ ಮುಂದಿಡುತ್ತಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಕರಾವಳಿಯ ಗಂಗೊಳ್ಳಿಯ ಹತ್ತಿರ, ನೌಕರಿ ಮಾಡಿದ್ದು ಮಂಡ್ಯದ ಕಡೆ ನೀರಾವರಿ ಇಲಾಖೆಯಲ್ಲಿ. ಹೀಗಾಗಿ ‘ನಾಲೆ’ ಎಂಬ ಮಾತನ್ನು ಮೂವತ್ತು ವರ್ಷ ದಿನಬೆಳಗಾದರೆ ಕೇಳಿದವನು. ಮೊದಲು ಇರ್ವಿನ್ ನಾಲೆಯೆಂದು ಕರೆಸಿಕೊಂಡ ವಿಶ್ವೇಶ್ವರಯ್ಯ ನಾಲೆಯಾಗಲಿ, ವರುಣಾ ನಾಲೆಯಾಗಲಿ, ಅವುಗಳಿಂದ ಒಡೆಯುವ ಉಪನಾಲೆ, ಸೀಳುನಾಲೆಗಳಾಗಲಿ, ಎಲ್ಲಕ್ಕೂ ಒಂದು ಮೊದಲು ಮತ್ತು ಒಂದು ಕೊನೆ ಇದ್ದೇ ಇರುತ್ತದೆ. ಅಣೆಕಟ್ಟೆಯ ತೂಬಿನಲ್ಲಿ ನೀರು ಬಿಡುತ್ತಾರೆ, ಕೊನೆಭಾಗದ ರೈತರಿಗೆ ನೀರು ಮುಟ್ಟಲಿಲ್ಲವೆಂದು ದೂರು ಬರುತ್ತದೆ, ಮಳೆ ಕಡಿಮೆಯಾದ ವರ್ಷ ಕಟ್ಟು ಪದ್ಧತಿಯಲ್ಲಿ ಸರದಿಯ ಪ್ರಕಾರ ಹರಿಸುತ್ತಾರೆ. ರಾಯಚೂರು, ಗಂಗಾವತಿ ಸೀಮೆಯಲ್ಲಿ ಇದೇ ವಸ್ತುವಿಗೆ ಕಾಲುವೆ ಎನ್ನುತ್ತಾರೆ. ಎಡದಂಡೆ ಕಾಲುವೆ, ಬಲದಂಡೆ ಕಾಲುವೆ. ಹೆಸರು ಯಾವುದೇ ಇರಲಿ, ಎರಡರಲ್ಲೂ ನೀರು ಒಂದು ಕಡೆಯಿಂದ ಹೊರಟು ಇನ್ನೊಂದು ಕಡೆಗೆ ಹೋಗುತ್ತಿರಬೇಕು. ತಮಿಳಿನ ಕಾಲ್ವಾಯ್, ತೆಲುಗಿನ ಕಾಲುವ ಇವು ನಮ್ಮ ಕಾಲುವೆಯ ಒಡಹುಟ್ಟುಗಳು. ಅಲ್ಲೂ ಮೊದಲು ನೆನಪಾಗುವುದು ನೀರನ್ನು ಕರೆದೊಯ್ಯುವ ದಾರಿಯೇ.

ಕೋಪನ್‌ಹೇಗನ್ನಿನಲ್ಲಿ ನೀರು ಎಲ್ಲಿಗೂ ಹೋಗುವುದಿಲ್ಲ. ಅದು ಕಡಲಿನ ನೀರು, ಊರಿನೊಳಕ್ಕೆ ಬಂದು ನಿಂತಿದೆ. ಬಾಲ್ಟಿಕ್ ಕಡಲಿನ ಬಾಯಿಯಲ್ಲಿರುವ ಆ ಊರಿನಲ್ಲಿ ಉಬ್ಬರವಿಳಿತವೂ ಗಮನಕ್ಕೆ ಬರುವಷ್ಟಿಲ್ಲ. ನಮ್ಮ ಗಂಗೊಳ್ಳಿಯ ಅಳಿವೆಯಲ್ಲಿ (ಹೊಳೆ ಕಡಲನ್ನು ಸೇರುವಲ್ಲಿ) ದಿನಕ್ಕೆರಡು ಸಲ ನೀರು ಏರುವುದನ್ನೂ ಇಳಿಯುವುದನ್ನೂ ನೋಡಿ ಬೆಳೆದ ನನಗೆ, ಕಲ್ಲಿನ ಗೋಡೆಗಳ ಮೇಲೆ ಪಾಚಿಯ ಗೆರೆ ಅಷ್ಟು ಕಿರಿದಾಗಿ, ದಾರ ಹಿಡಿದು ಎಳೆದಂತೆ ನೇರವಾಗಿರುವುದೇ ಮೊದಲ ಆಶ್ಚರ್ಯವಾಯಿತು. ಹೊಯ್‌ಬ್ರೋ ಎಂಬ ಸೇತುವೆಯ ಬಳಿ ದೋಣಿ ನಡೆಸುತ್ತಿದ್ದ ಹುಡುಗಿ ಮೋಟಾರನ್ನು ನಿಲ್ಲಿಸಿ ನೀರಿನೊಳಗೆ ನೋಡಿರೆಂದಳು. ಅಲ್ಲಿ ತಳದಲ್ಲಿ ಒಬ್ಬ ಕಡಲಗಂಡು (ಮತ್ಸ್ಯಕನ್ಯೆಯ ಗಂಡು ರೂಪ) ತನ್ನ ಏಳು ಮಕ್ಕಳೊಡನೆ ಮೇಲಕ್ಕೆ ಕೈಚಾಚಿ ನಿಂತಿದ್ದಾನೆ. ಬಿಟ್ಟುಹೋದ ಹೆಂಡತಿ ಆಗ್ನೆಟೆಯನ್ನು ಮರಳಿ ಬಾ ಎಂದು ಕರೆಯುವ ಜನಪದ ಕಥೆಯ ಶಿಲ್ಪವದು. ಸುಸ್ಟೆ ಬೊನ್ನೆನ್ ಅವರು ಮಾಡಿದ ಆ ಶಿಲ್ಪಗಳನ್ನು ನೀರಿನಡಿಯಲ್ಲಿ ಇರಿಸಿದ್ದು 1992ರಲ್ಲಿ. ದೋಣಿಯ ಅಲೆ ಅಡಗಿ ನೀರು ತಿಳಿಯಾದ ಮೇಲೆ, ಹಸಿರುಗಟ್ಟಿದ ಪುಟ್ಟ ಕೈಗಳು ಒಂದೊಂದಾಗಿ ಕಾಣಿಸಿಕೊಂಡವು. ಹರಿಯುವ ಕಾಲುವೆಯ ಕೆಂಪು ನೀರಿನಲ್ಲಿ ಇಂಥದ್ದನ್ನು ಇಡುವ ಯೋಚನೆಯೇ ಯಾರಿಗೂ ಬರಲಾರದು.

ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಬೇಕು. ಪದಕ್ಕೆ ಅರ್ಥವಿರುವಂತೆ ವಾಸನೆಯೂ ಇರುತ್ತದೆ. ಬೆಂಗಳೂರಿನ ಓದುಗರಿಗೆ ‘ಊರೊಳಗಿನ ಕಾಲುವೆ’ ಎಂದೊಡನೆ ನೆನಪಾಗುವುದು ರಾಜಕಾಲುವೆ. ಕೆರೆಯಿಂದ ಕೆರೆಗೆ ಮಳೆನೀರು ಸಾಗಿಸಲೆಂದು ಇದ್ದ ಆ ಘನವಾದ ಹೆಸರು ಈಗ ಮೂಗು ಮುಚ್ಚಿಕೊಂಡು ದಾಟುವ ಕೊಳಚೆಯ ಹೆಸರಾಗಿದೆ. ‘ಕಾಲುವೆಯಲ್ಲಿ ದೋಣಿ ವಿಹಾರ’ ಎಂಬ ನನ್ನ ತಲೆಬರಹವನ್ನು ಓದಿದ ತಂಗಿಯ ಮಗ, “ಮಾವ, ಈ ತಲೆಬರಹ ನೋಡಿದರೆ ಓದಬೇಕು ಅನ್ನಿಸುವುದಿಲ್ಲ,” ಎಂದ. ಅವನು ಹೇಳಿದ್ದು ನಿಜ. ಕೋಪನ್‌ಹೇಗನ್ನಿನ ಬಂದರಿನಲ್ಲಿ ಇಸ್ಲಾಂಡ್ಸ್ ಬ್ರುಗ್ಗೆ ಎಂಬಲ್ಲಿ 2002ರಿಂದ ಜನ ಬಂದರಿನ ನೀರಿಗೇ ಇಳಿದು ಈಜುತ್ತಿದ್ದಾರೆ; ಅಂಥ ನೀರಿಗೆ ನಮ್ಮ ಪದದ ವಾಸನೆ ಅಂಟಿಕೊಳ್ಳುವುದು ಅನ್ಯಾಯ.

ಈಗ ತೊಡಕಿನ ನಡುಭಾಗಕ್ಕೆ ಬರುತ್ತೇನೆ. ಡೇನಿಷ್ ಭಾಷೆಯಲ್ಲಿ ‘ಹೌನ್’ ಎಂದರೆ ಬಂದರು, ‘ಕನಾಲ್’ ಎಂದರೆ ನಾವು ಚರ್ಚಿಸುತ್ತಿರುವ ವಸ್ತು. ಊರಿನ ಹೆಸರೇ ‘ವರ್ತಕರ ಬಂದರು’ ಎಂಬ ಅರ್ಥದ್ದು. ಆದರೆ ಪ್ರವಾಸಿಗರೆಲ್ಲ ಚಿತ್ರ ತೆಗೆಯುವ, ಬಣ್ಣದ ಮನೆಗಳ ಸಾಲಿನ ಆ ಪ್ರಸಿದ್ಧ ‘ಕಾಲುವೆ’ಗೆ ಅವರು ಕನಾಲ್ ಎನ್ನುವುದಿಲ್ಲ, ಅದರ ಹೆಸರು ‘ನ್ಯುಹೌನ್’, ಹೊಸ ಬಂದರು. (ಕೆಲವು ಕನ್ನಡ ಬರಹಗಳಲ್ಲಿ ‘ನೈಹಾವ್ನ್’ ಎಂದು ಕಾಣುತ್ತದೆ, ಅಲ್ಲಿನವರ ಬಾಯಲ್ಲಿ ಅದು ನ್ಯುಹೌನ್‌ಗೆ ಹತ್ತಿರ.) ದೊರೆ ಐದನೆಯ ಕ್ರಿಸ್ತಿಯಾನನ ಕಾಲದಲ್ಲಿ, 1671ರಿಂದ 1673ರವರೆಗೆ, ಅದನ್ನು ಅಗೆಸಿದರು, ಸರಕಿನ ಹಡಗುಗಳು ಕಡಲಿನಿಂದ ನೇರವಾಗಿ ಪೇಟೆಯ ಚೌಕದ ಬಾಗಿಲಿಗೇ ಬರಲಿ ಎಂಬುದು ಉದ್ದೇಶ. ಆಕಾರದಲ್ಲಿ ಅದು ಕಾಲುವೆ, ಕೆಲಸದಲ್ಲಿ ಬಂದರು. ಅವರು ಕೆಲಸವನ್ನು ನೋಡಿ ಹೆಸರಿಟ್ಟರು.

ಅದೇ ದೋಣಿಯಲ್ಲಿ ಹತ್ತು ನಿಮಿಷ ಮುಂದೆ ಹೋದರೆ ಅರಮನೆಯ ದ್ವೀಪವಾದ ಸ್ಲೊಟ್ಸ್‌ಹೋಲ್ಮೆನ್. ಅದನ್ನು ಸುತ್ತಿರುವ ನೀರಿಗೆ ಕನಾಲ್ ಎನ್ನುತ್ತಾರೆ. ಆದರೆ ಅದರ ಒಂದು ದಂಡೆಯ ಹೆಸರು ‘ಗಾಮೆಲ್ ಸ್ಟ್ರಾಂಡ್’, ಎಂದರೆ ಹಳೆಯ ಕಡಲತೀರ. ಹಿಂದೆ ಮೀನು ಮಾರುವ ಹೆಂಗಸರು ಕೂರುತ್ತಿದ್ದ ಜಾಗ. ಊರು ಬೆಳೆದು ಕಡಲನ್ನು ಆಚೆಗೆ ತಳ್ಳಿದ ಮೇಲೆ ಅಲ್ಲಿ ಉಳಿದುಕೊಂಡ ಕಡಲಿನ ತುಣುಕಿಗೇ ಈಗ ಕಾಲುವೆಯ ರೂಪ. ಬಂದರಿನ ಆಚೆ ದಡದ ಕ್ರಿಸ್ತಿಯಾನ್ಸ್‌ಹೌನ್ ಮತ್ತೊಂದು ಬಗೆ. ನಾಲ್ಕನೆಯ ಕ್ರಿಸ್ತಿಯಾನ್ ದೊರೆ 17ನೆಯ ಶತಮಾನದ ಮೊದಲ ಭಾಗದಲ್ಲಿ, ಆಳವಿಲ್ಲದ ಕಡಲಿಗೆ ಮಣ್ಣು ತುಂಬಿಸಿ ಡಚ್ಚರ ಮಾದರಿಯಲ್ಲಿ ಕಟ್ಟಿಸಿದ ಪೇಟೆ ಅದು. ಅಲ್ಲಿ ನೆಲವನ್ನು ಅಗೆದು ನೀರು ತಂದರು ಎನ್ನುವುದಕ್ಕಿಂತ ನೀರಿನ ನಡುವೆ ನೆಲವನ್ನು ಮಾಡಿದರು ಎನ್ನುವುದೇ ಸರಿ. ಹೀಗೆ ಒಂದೇ ಸುತ್ತಿನಲ್ಲಿ ನೋಡಿದ ಮೂರು ನೀರುಗಳಿಗೆ ಮೂರು ಹುಟ್ಟು: ಒಂದು ಅಗೆದದ್ದು, ಒಂದು ಉಳಿದದ್ದು, ಒಂದು ಬಿಟ್ಟದ್ದು.

ಅಗೆದದ್ದಕ್ಕೆ ನಮ್ಮ ಕರಾವಳಿಯ ಕನ್ನಡದಲ್ಲಿ ಒಳ್ಳೆಯ ಪದವಿದೆ: ತೋಡು. ಗದ್ದೆ, ತೋಟಗಳ ನಡುವೆ ಹರಿಯುವ ಸಣ್ಣ ನೀರಿಗೆ ನಾವು ತೋಡು ಎನ್ನುತ್ತೇವೆ, ತೋಡುವುದೆಂದರೆ ಅಗೆಯುವುದು. ಆಮ್ಸ್ಟರ್‌ಡ್ಯಾಮಿನ ಕಾಲುವೆಗಳಿಗೆ ಡಚ್ಚರು ಹೇಳುವ ‘ಖ್ರಾಖ್ತ್’ ಎಂಬ ಪದವೂ ಅಗೆಯುವುದೆಂಬ ಅರ್ಥದ ಧಾತುವಿನಿಂದಲೇ ಬಂದದ್ದು ಎಂದು ತಿಳಿದಾಗ ನನಗಾದ ಸಂತೋಷವನ್ನು ಈ ಬಳಗದವರು ಅರ್ಥ ಮಾಡಿಕೊಳ್ಳಬಲ್ಲರು. ಮಲಯಾಳದಲ್ಲಿಯೂ ತೋಡು ಇದೆ, ಆಲಪ್ಪುಳದ ಕಡೆ ತೋಡುಗಳಲ್ಲಿ ದೋಣಿಗಳು ಓಡಾಡುತ್ತವೆ. ಆದರೆ ನಮ್ಮೂರಿನ ತೋಡು ಮಳೆಗಾಲದಲ್ಲಿ ಮಕ್ಕಳು ಕಾಗದದ ದೋಣಿ ಬಿಡುವಷ್ಟರದು. 12 ಜನರನ್ನು ಕೂರಿಸಿಕೊಂಡ ದೋಣಿ ತೋಡಿನಲ್ಲಿ ಹೋಯಿತೆಂದರೆ ಕುಂದಾಪುರದವರು ನಂಬಲಾರರು, ಘಟ್ಟದ ಮೇಲಿನವರಿಗೆ ಪದವೇ ತಿಳಿಯದು.

ಅರಮನೆಯನ್ನು ಸುತ್ತಿದ ನೀರಿಗೆ ‘ಅಗಳು’ ಅಥವಾ ‘ಕಂದಕ’ ಎನ್ನಬಹುದೇ ಎಂದೂ ಯೋಚಿಸಿದೆ. ಶ್ರೀರಂಗಪಟ್ಟಣದ ಕೋಟೆಯ ಕಂದಕವನ್ನು ನೋಡಿದವರಿಗೆ ಚಿತ್ರ ಸುಲಭವಾಗಿ ಕಣ್ಣಿಗೆ ಕಟ್ಟುತ್ತದೆ. ಆದರೆ ಕಂದಕವಿರುವುದು ಹೊರಗಿನವರನ್ನು ತಡೆಯಲು, ಈ ನೀರಿರುವುದು ಹೊರಗಿನವರನ್ನು ಕರೆದುಕೊಳ್ಳಲು. ಅರ್ಥ ತಿರುಗಿಬಿಡುತ್ತದೆ. ಕ್ರಿಸ್ತಿಯಾನ್ಸ್‌ಹೌನಿನ ಹೊರ ಅಂಚಿನಲ್ಲಿ ಕೋಟೆಯ ದಿಬ್ಬದ ಪಕ್ಕ ನಿಜವಾದ ಅಗಳೊಂದು ಈಗಲೂ ಇದೆ. ಆ ಪದವನ್ನು ಅದಕ್ಕೆ ಉಳಿಸುವುದೇ ನ್ಯಾಯ. ‘ಹಿನ್ನೀರು’ ಎಂಬ ಸಲಹೆಯೂ ಬಂದಿತ್ತು, ಆದರೆ ಶರಾವತಿ, ಕಾವೇರಿ ಅಣೆಕಟ್ಟೆಗಳ ನೀರಿಗೆ ಅದು ಎಷ್ಟು ಗಟ್ಟಿಯಾಗಿ ಅಂಟಿದೆಯೆಂದರೆ ಅದನ್ನು ಬಿಡಿಸುವುದು ಬೇಡ.

ನನ್ನ ಒಲವು ‘ಕಡಲಗಾಲುವೆ’ಯ ಕಡೆಗಿದೆ. ಇಲಾಖೆಯ ಕಾಗದಪತ್ರಗಳಲ್ಲಿ ಹೊಲಗಾಲುವೆ, ಮೇಲ್ಗಾಲುವೆ ಎಂಬ ಪದಗಳು ಬಹಳ ಕಾಲದಿಂದ ನಡೆದು ಬಂದಿವೆ, ರೈತರೂ ಹೊಲಗಾಲುವೆಯೆಂದೇ ಹೇಳುತ್ತಾರೆ. ಅದೇ ಅಚ್ಚಿನಲ್ಲಿ ಕಡಲಗಾಲುವೆ ಎಂದರೆ, ಕಾಲುವೆಯ ಆಕಾರವೂ ಉಳಿಯುತ್ತದೆ, ಹರಿಯುವ ನೀರೆಂಬ ಭಾವನೆಯೂ ರಾಜಕಾಲುವೆಯ ವಾಸನೆಯೂ ಕಳೆಯುತ್ತವೆ. ‘ಕಡಲ್ಗಾಲುವೆ’ ಎಂಬುದು ವ್ಯಾಕರಣಕ್ಕೆ ಇನ್ನೂ ಒಪ್ಪುವಂತಿದ್ದರೂ ನಾಲಗೆ ಒಂದು ಕ್ಷಣ ತಡೆಯುತ್ತದೆ. ಲೇಖನದಲ್ಲಿ ಮೊದಲ ಸಲ ಕಡಲಗಾಲುವೆ ಎಂದು ಬರೆದು, ಓದುಗನಿಗೆ ಚಿತ್ರ ಸಿಕ್ಕ ಮೇಲೆ ಬರಿಯ ಕಾಲುವೆ ಎನ್ನಬಹುದೆಂದು ನನ್ನ ಎಣಿಕೆ. ನ್ಯುಹೌನನ್ನು ಮಾತ್ರ ಬಂದರೆಂದೇ ಕರೆಯುತ್ತೇನೆ. ಪಣಂಬೂರಿನಲ್ಲಿ ನವಮಂಗಳೂರು ಬಂದರು ಇರುವ ನಾಡಿನವರಿಗೆ ‘ಹೊಸ ಬಂದರು’ ಎಂಬ ಹೆಸರು ಹೊಸದೇನಲ್ಲ. ಸರಕಿನ ಹಡಗು ಬಾರದಿದ್ದರೂ ಬಂದರೆಂಬ ಹೆಸರು ಉಳಿಯುವುದನ್ನೂ ನಾವು ಬಲ್ಲೆವು.

ಬಂದರಿನ ಮಾತು ಬಂದದ್ದರಿಂದ ಇನ್ನೊಂದು ಪದವನ್ನು ಕೇಳಿಬಿಡುತ್ತೇನೆ. ಇಸ್ಲಾಂಡ್ಸ್ ಬ್ರುಗ್ಗೆಯ ‘ಬ್ರುಗ್ಗೆ’ ಎಂದರೆ ದೋಣಿ, ಹಡಗುಗಳು ಬಂದು ತಾಗಿ ನಿಲ್ಲುವ ಕಟ್ಟೆ. ಮಂಗಳೂರಿನಿಂದ ಕಾರವಾರದವರೆಗೆ ಇದಕ್ಕೆ ‘ಧಕ್ಕೆ’ ಎನ್ನುತ್ತಾರೆ, ಕೊಂಕಣಿ, ಮರಾಠಿಗಳಲ್ಲೂ ಇದೇ ಪದ. ಮುಂಬಯಿಯ ಭಾವೂಚಾ ಧಕ್ಕಾ ಎಲ್ಲರೂ ಬಲ್ಲ ಜಾಗ. ನಾನು “ಎರಡು ಗಂಟೆಯ ಮೇಲೆ ನಮ್ಮ ದೋಣಿ ಮೆಲ್ಲನೆ ಧಕ್ಕೆಗೆ ತಾಗಿತು” ಎಂದು ಬರೆದಿದ್ದೆ. ಸಂಪಾದಕರು ಪಕ್ಕದಲ್ಲಿ ಪೆನ್ಸಿಲಿನಿಂದ, “ಯಾರಿಗಾದರೂ ಪೆಟ್ಟಾಯಿತೇ? ವಿವರ ಸೇರಿಸಿ” ಎಂದು ಕೇಳಿದ್ದಾರೆ. ಒಳನಾಡಿನಲ್ಲಿ ಧಕ್ಕೆಯೆಂದರೆ ಹಾನಿ ಮಾತ್ರ. ಅವರ ಪ್ರಶ್ನೆ ಸಹಜವಾದದ್ದೇ. ಆದರೂ ಕರಾವಳಿಯ ಅಷ್ಟೂ ಊರುಗಳಲ್ಲಿ ದಿನನಿತ್ಯ ಬಳಕೆಯಲ್ಲಿರುವ ಪದವನ್ನು ಬಿಟ್ಟು ‘ದೋಣಿ ನಿಲ್ದಾಣ’ ಎಂದು ಬರೆಯಲು ನನಗೆ ಮನಸ್ಸಿಲ್ಲ. ಹಲವರು ‘ದಕ್ಕೆ’ ಎಂದು ಅಲ್ಪಪ್ರಾಣದಲ್ಲಿ ಬರೆಯುವುದನ್ನೂ ಕಂಡಿದ್ದೇನೆ. ಹಾನಿಯ ಧಕ್ಕೆಯಿಂದ ಬೇರ್ಪಡಿಸಲು ಈ ಬರವಣಿಗೆಯನ್ನೇ ನಿಲ್ಲಿಸಿಕೊಂಡರೆ ಅಡ್ಡಿಯಿದೆಯೇ?

ದೋಣಿ ನಡೆಸಿದ ಆ ಹುಡುಗಿಯನ್ನು ಏನೆಂದು ಕರೆಯಬೇಕೆಂಬುದನ್ನು ನಾನು ಇನ್ನೂ ನಿರ್ಧರಿಸಿಲ್ಲ. ಅಂಬಿಗನೆಂದರೆ ಹುಟ್ಟು ಹಾಕಿ ಹೊಳೆ ದಾಟಿಸುವವನು, ಅದೊಂದು ಸಮುದಾಯದ ಹೆಸರೂ ಹೌದು. ಮಲ್ಪೆಯ ದೋಣಿಗಳಲ್ಲಿ ಮುಖ್ಯಸ್ಥನಿಗೆ ತಾಂಡೇಲ ಎನ್ನುತ್ತಾರೆ. ಚುಕ್ಕಾಣಿ ಹಿಡಿದು, ಎಲ್ಲಿ ಬಗ್ಗಬೇಕು, ಎಲ್ಲಿ ಕೈ ಒಳಗೆ ಎಳೆದುಕೊಳ್ಳಬೇಕು ಎಂದು ಆಕೆ ಹೇಳುತ್ತಿದ್ದ ಗತ್ತಿಗೆ ಇದೇ ಹೊಂದುತ್ತದೆ. ಸೇತುವೆಗಳು ಎಷ್ಟು ತಗ್ಗಾಗಿವೆಯೆಂದರೆ, ಕುಳಿತಲ್ಲಿಂದಲೇ ಕೈಯೆತ್ತಿದರೆ ಕಮಾನಿನ ತಣ್ಣನೆಯ ಕಲ್ಲು ಬೆರಳಿಗೆ ಸಿಕ್ಕೀತು. ಆದರೆ ಹೆಂಗಸನ್ನು ತಾಂಡೇಲ ಎಂದು ಕರೆದದ್ದನ್ನು ನಾನು ಕೇಳಿಲ್ಲ.

ಸುತ್ತಾಟಕ್ಕೆ ‘ವಿಹಾರ’ ಸಾಕು. ಹೊರಟ ಧಕ್ಕೆಗೇ ಮರಳಿ ಬರುವುದರಿಂದ ‘ಯಾನ’ ಹೊಂದುವುದಿಲ್ಲ.

ಕರಾವಳಿಯ ಸದಸ್ಯರಲ್ಲಿ ನನ್ನ ಮುಖ್ಯ ವಿನಂತಿ ಇದು. ಬಂದರಿನ ಪಕ್ಕದಲ್ಲಿ, ದೋಣಿಗಳನ್ನು ಒಳಕ್ಕೆ ತಂದು ಕಟ್ಟಲೆಂದು ಕಡಲ ನೀರನ್ನೋ ಅಳಿವೆಯ ನೀರನ್ನೋ ಎಳೆದುಕೊಂಡ ಸೀಳು ನಿಮ್ಮ ಊರಿನಲ್ಲಿದ್ದರೆ, ಅದಕ್ಕೆ ಮೀನುಗಾರರಾದ ಖಾರ್ವಿ, ಮೊಗವೀರ ಹಿರಿಯರು ಏನೆನ್ನುತ್ತಾರೆ? ಅಂಥ ಪದವೊಂದು ಬಾಯಿಮಾತಿನಲ್ಲಿ ಈಗಾಗಲೇ ಇದ್ದರೆ ನನ್ನ ಕಡಲಗಾಲುವೆಯನ್ನು ಸಂತೋಷದಿಂದ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಕರಡನ್ನು ಮರಳಿಸಲು ಇನ್ನು ಹದಿನೈದು ದಿನಗಳ ಅವಕಾಶವಿದೆ.