ಗಾಜಿನ ಬಿರುಕನ್ನು ಚಿತ್ರೀಕರಿಸಲು ಎಷ್ಟು ವೇಗದ ಕ್ಯಾಮೆರಾ ಬೇಕು?

ಪ್ರಶ್ನೆ

ಗಾಜಿನ ಫಲಕಕ್ಕೆ ಪೆಟ್ಟು ಬಿದ್ದಾಗ ಬಿರುಕು ಹೇಗೆ ಹರಡುತ್ತದೆ, ಎಲ್ಲಿ ಕವಲೊಡೆಯುತ್ತದೆ ಎಂಬುದನ್ನು ನನ್ನ ಸ್ನಾತಕೋತ್ತರ ಅಧ್ಯಯನಕ್ಕಾಗಿ ಚಿತ್ರೀಕರಿಸಬೇಕಾಗಿದೆ. ಫೋನಿನಲ್ಲಿ ಸೆಕೆಂಡಿಗೆ 960 ಫ್ರೇಮುಗಳ ವೇಗದಲ್ಲಿ ಪ್ರಯತ್ನಿಸಿದೆ. ಒಂದು ಫ್ರೇಮಿನಲ್ಲಿ ಗಾಜು ಇಡಿಯಾಗಿತ್ತು, ಮುಂದಿನದರಲ್ಲಿ ಮೂಲೆಯಿಂದ ಮೂಲೆಗೆ ಸೀಳಿಹೋಗಿತ್ತು. ನನಗೆ ಬೇಕಾದದ್ದು ಆ ಎರಡರ ನಡುವೆ ನಡೆದುಹೋಗಿತ್ತು. ಹುಡುಕಿದಾಗ ಸೆಕೆಂಡಿಗೆ 76,000 ಫ್ರೇಮುಗಳ ಕ್ಯಾಮೆರಾ, 1 ಕೋಟಿ ಫ್ರೇಮುಗಳದ್ದು, ಕಡೆಗೆ 10 ಲಕ್ಷ ಕೋಟಿ ಫ್ರೇಮುಗಳದ್ದೂ ಇದೆ ಎಂದು ಓದಿದೆ. ಇವೆಲ್ಲ ಒಂದೇ ಬಗೆಯ ಯಂತ್ರಗಳೇ? ಎಲ್ಲಕ್ಕಿಂತ ವೇಗದ್ದನ್ನೇ ಬಳಸಿದರೆ ಆಗದೇ?

ಉತ್ತರ 1

ಮೊದಲು ಬಿರುಕಿನ ವೇಗದಿಂದ ಲೆಕ್ಕ ಹಾಕೋಣ. ಸಾಮಾನ್ಯ ಕಿಟಕಿ ಗಾಜಿನಲ್ಲಿ ಬಿರುಕು ಸೆಕೆಂಡಿಗೆ ಹೆಚ್ಚುಕಡಿಮೆ 1,500 ಮೀಟರ್ ಓಡುತ್ತದೆ. ಹಾಗಾಗಿ ನಿಮ್ಮ ಫೋನಿನ ಎರಡು ಫ್ರೇಮುಗಳ ನಡುವೆ ಅದು ಒಂದೂವರೆ ಮೀಟರ್ ಸಾಗಿರುತ್ತದೆ, ಅಂದರೆ ನಿಮ್ಮ ಫಲಕವನ್ನು ದಾಟಿ ಎಷ್ಟೋ ಹೊತ್ತಾಗಿರುತ್ತದೆ. 76,000 ಫ್ರೇಮುಗಳಲ್ಲಿ ಈ ಅಂತರ ಸುಮಾರು 2 ಸೆಂಟಿಮೀಟರಿಗೆ, 10 ಲಕ್ಷ ಫ್ರೇಮುಗಳಲ್ಲಿ 1.5 ಮಿಲಿಮೀಟರಿಗೆ ಇಳಿಯುತ್ತದೆ. ಕವಲೊಡೆಯುವುದನ್ನು ನೋಡಬೇಕೆಂದರೆ ಈ ಕೊನೆಯದಕ್ಕಿಂತ ಕಡಿಮೆ ವೇಗದಲ್ಲಿ ಸಾಧ್ಯವಾಗದು ಎಂಬುದು ನನ್ನ ಅಭಿಪ್ರಾಯ.

ಇಷ್ಟು ವೇಗದಲ್ಲಿ ಸೆನ್ಸರಿನಿಂದ (ಬೆಳಕನ್ನು ಹಿಡಿಯುವ ಚಿಪ್ಪಿನಿಂದ) ಚಿತ್ರವನ್ನು ಹೊರಗೆ ತರುವುದೇ ದೊಡ್ಡ ಕಷ್ಟ. 1280×800 ಪಿಕ್ಸೆಲ್‌ಗಳ ಚಿತ್ರವನ್ನು ಸೆಕೆಂಡಿಗೆ 76,000 ಬಾರಿ ತೆಗೆದರೆ 7,700 ಕೋಟಿಗೂ ಹೆಚ್ಚು ಪಿಕ್ಸೆಲ್‌ಗಳಾಗುತ್ತವೆ. ಪಿಕ್ಸೆಲ್ಲಿಗೆ 12 ಬಿಟ್ ಎಂದು ಹಿಡಿದರೂ ಪ್ರತಿ ಸೆಕೆಂಡಿಗೆ 100 ಗಿಗಾಬೈಟಿಗಿಂತ ಹೆಚ್ಚು. ಇದನ್ನು ಡಿಸ್ಕಿಗೆ ಆ ಕ್ಷಣದಲ್ಲೇ ಬರೆದುಕೊಳ್ಳಲಾಗದ ಕಾರಣ, ಕ್ಯಾಮೆರಾ ತನ್ನೊಳಗಿನ ಮೆಮೊರಿಯಲ್ಲೇ ಹಳೆಯದನ್ನು ಅಳಿಸುತ್ತ ಹೊಸದನ್ನು ತುಂಬುತ್ತ ಸುತ್ತು ಹೊಡೆಯುತ್ತಿರುತ್ತದೆ. ಇನ್ನೂ ವೇಗ ಬೇಕೆಂದಾಗ ಆ ಮೆಮೊರಿಯೂ ದೂರವಾಯಿತು. ಜಪಾನಿನ ತಾಕೆಹಾರು ಎತೊ ಅವರ ತಂಡ ಪ್ರತಿ ಪಿಕ್ಸೆಲ್ಲಿನ ಪಕ್ಕದಲ್ಲೇ ಸಣ್ಣ ಸಂಗ್ರಹವನ್ನು ಇಟ್ಟು, 2001ರಲ್ಲಿ ಸೆಕೆಂಡಿಗೆ 10 ಲಕ್ಷ ಫ್ರೇಮುಗಳನ್ನು ಸಾಧಿಸಿತು. ಆದರೆ ಒಂದು ಸಲಕ್ಕೆ ಸಿಗುತ್ತಿದ್ದುದು 103 ಚಿತ್ರಗಳು ಮಾತ್ರ. ಶಿಮಾಡ್ಜು ಕಂಪನಿಯ ಎಚ್‌ಪಿವಿ-ಎಕ್ಸ್ ಕ್ಯಾಮೆರಾ 1 ಕೋಟಿ ಫ್ರೇಮುಗಳ ವೇಗದಲ್ಲಿ 256 ಚಿತ್ರಗಳನ್ನು ಕೊಡುತ್ತದೆ, ಅದೂ ಸುಮಾರು 50,000 ಪಿಕ್ಸೆಲ್‌ಗಳಷ್ಟೇ. ಹಾಗೆ ನೋಡಿದರೆ ಇಡೀ ಚಿತ್ರೀಕರಣ 25.6 ಮೈಕ್ರೊಸೆಕೆಂಡಿಗೆ ಮುಗಿಯುತ್ತದೆ, ಅಷ್ಟರಲ್ಲಿ ನಿಮ್ಮ ಬಿರುಕು ನಾಲ್ಕು ಸೆಂಟಿಮೀಟರನ್ನೂ ದಾಟಿರುವುದಿಲ್ಲ.

ಉತ್ತರ 2

ಮೇಲಿನ ಲೆಕ್ಕ ಸರಿ. ಆದರೆ ಪ್ರಯೋಗಾಲಯದಲ್ಲಿ ನಮ್ಮನ್ನು ಕಾಡಿದ್ದು ಫ್ರೇಮಿನ ವೇಗಕ್ಕಿಂತ ಹೆಚ್ಚಾಗಿ ಟ್ರಿಗರ್, ಅಂದರೆ ಚಿತ್ರೀಕರಣವನ್ನು ಸರಿಯಾದ ಕ್ಷಣಕ್ಕೆ ಶುರುಮಾಡಿಸುವ ಸಂಕೇತ. ಪೆಟ್ಟಿನ ಸದ್ದು ಕೇಳಿದೊಡನೆ ಕ್ಯಾಮೆರಾಗೆ ಸಂಕೇತ ಹೋಗಲೆಂದು ಗಾಜಿನಿಂದ 10 ಸೆಂಟಿಮೀಟರ್ ದೂರದಲ್ಲಿ ಮೈಕ್ ಇಟ್ಟಿದ್ದೆವು. ಗಾಳಿಯಲ್ಲಿ ಸದ್ದು ಅಷ್ಟು ದೂರ ಬರಲು ಸುಮಾರು 290 ಮೈಕ್ರೊಸೆಕೆಂಡ್ ಬೇಕು ಎಂಬುದನ್ನು ನಮ್ಮಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಫಲಿತಾಂಶವಾಗಿ 256 ಚಿತ್ರಗಳು ಸಿಕ್ಕವು, ಎಲ್ಲದರಲ್ಲೂ ಒಡೆದು ಮುಗಿದ ಗಾಜು, ಒಂದೇ ಚಿತ್ರವನ್ನು 256 ಸಲ ಮುದ್ರಿಸಿದಂತೆ! ಆಮೇಲೆ ಪೆಟ್ಟು ಬೀಳುವ ಜಾಗದ ಪಕ್ಕದಲ್ಲೇ ವಿದ್ಯುತ್ ಹರಿಯುವ ಬಣ್ಣದ ತೆಳು ಗೆರೆ ಎಳೆದೆವು. ಬಿರುಕು ಆ ಗೆರೆಯನ್ನು ತುಂಡರಿಸಿದ ಕ್ಷಣವೇ ಸಂಕೇತವಾಯಿತು.

ಬೆಳಕಿನ ವಿಷಯದಲ್ಲೂ ಮೊದಲೇ ಯೋಚಿಸಿ. 1 ಮೈಕ್ರೊಸೆಕೆಂಡಿನ ಎಕ್ಸ್‌ಪೋಷರಿನಲ್ಲಿ (ಒಂದು ಚಿತ್ರಕ್ಕೆ ಬೆಳಕು ಬೀಳುವ ಅವಧಿಯಲ್ಲಿ) ಬಿರುಕಿನ ತುದಿ 1.5 ಮಿಲಿಮೀಟರ್ ಉದ್ದಕ್ಕೆ ಮಸುಕಾಗುತ್ತದೆ; ಅದು 0.3 ಮಿಲಿಮೀಟರಿಗೆ ಇಳಿಯಬೇಕಾದರೆ ಎಕ್ಸ್‌ಪೋಷರ್ 200 ನ್ಯಾನೊಸೆಕೆಂಡ್ ಆಗಬೇಕು, ಅಷ್ಟರಲ್ಲಿ ಪಿಕ್ಸೆಲ್ಲಿಗೆ ಬೀಳುವ ಬೆಳಕು ಅತ್ಯಲ್ಪ. ದೊಡ್ಡ ದೀಪವನ್ನು ಸತತವಾಗಿ ಉರಿಸಿದರೆ ಗಾಜು ಬಿಸಿಯಾಗಿ ಪ್ರಯೋಗವೇ ಬದಲಾಗುತ್ತದೆ. ಆದ್ದರಿಂದ ಟ್ರಿಗರಿನೊಂದಿಗೆ ಹೊಂದಿಸಿದ ಫ್ಲಾಶ್ ಅಥವಾ ಲೇಸರ್ ಮಿಡಿತವನ್ನು ಗಾಜಿನ ಹಿಂದಿನಿಂದ ಹಾಯಿಸುವುದು ಮೇಲು.

ಉತ್ತರ 3

10 ಲಕ್ಷ ಕೋಟಿಯ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಆ ಬಗೆಯ ಯಂತ್ರಗಳಲ್ಲಿ ಎರಡು ಜಾತಿಗಳಿವೆ, ಸುದ್ದಿಗಳಲ್ಲಿ ಅವನ್ನು ಬೆರೆಸಿಬಿಡುತ್ತಾರೆ. 2011ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ತಂಡ ಪ್ಲಾಸ್ಟಿಕ್ ಬಾಟಲಿಯೊಳಗೆ ಬೆಳಕು ಸಾಗುವುದನ್ನು ತೋರಿಸಿತಲ್ಲ, ಅದು ಒಂದೇ ಸಲದ ಚಿತ್ರೀಕರಣವಾಗಿರಲಿಲ್ಲ. ಒಂದೇ ಬಗೆಯ ಲೇಸರ್ ಮಿಡಿತವನ್ನು ಮತ್ತೆ ಮತ್ತೆ ಹಾಯಿಸಿ, ಪ್ರತಿ ಬಾರಿ ಸಿಕ್ಕ ತೆಳು ಪಟ್ಟಿಗಳನ್ನು ಜೋಡಿಸಲಾಗಿತ್ತು. ಒಮ್ಮೆ ಒಡೆದ ಗಾಜು ಮತ್ತೆ ಅದೇ ರೀತಿ ಒಡೆಯುವುದಿಲ್ಲವಾದ್ದರಿಂದ ಈ ವಿಧಾನ ನಿಮಗೆ ಒದಗದು. ಲಿಹಾಂಗ್ ವಾಂಗ್ ಅವರ ತಂಡ 2014ರಲ್ಲಿ ಪ್ರಕಟಿಸಿದ ವಿಧಾನ ಮಾತ್ರ ಒಂದೇ ಘಟನೆಯನ್ನು ಒಂದೇ ಸಲಕ್ಕೆ ಹಿಡಿಯುತ್ತದೆ: ದೃಶ್ಯಕ್ಕೆ ಚುಕ್ಕೆಗಳ ಗುರುತು ಹಾಕಿ, ಕಾಲವನ್ನು ಉದ್ದಕ್ಕೆ ಎಳೆದಂತೆ ಒಂದೇ ಚಿತ್ರದ ಮೇಲೆ ಹರಡಿ, ನಂತರ ಗಣಕದಿಂದ ಫ್ರೇಮುಗಳನ್ನು ಬಿಡಿಸಿಕೊಳ್ಳಲಾಗುತ್ತದೆ. ಆಗ 10,000 ಕೋಟಿ ಫ್ರೇಮುಗಳಿದ್ದುದು 2018ರಲ್ಲಿ 10 ಲಕ್ಷ ಕೋಟಿಗೆ, 2020ರಲ್ಲಿ 70 ಲಕ್ಷ ಕೋಟಿಗೆ ಏರಿತು.

ಆದರೆ 10 ಲಕ್ಷ ಕೋಟಿಯ ವೇಗದಲ್ಲಿ ಎರಡು ಫ್ರೇಮುಗಳ ನಡುವೆ ಬೆಳಕೇ 0.03 ಮಿಲಿಮೀಟರ್ ಮಾತ್ರ ಚಲಿಸುತ್ತದೆ, ನಿಮ್ಮ ಬಿರುಕು ಹೆಚ್ಚುಕಡಿಮೆ ಒಂದು ಪರಮಾಣುವಿನ ಅಗಲದಷ್ಟು ಮಾತ್ರ ಕದಲಿರುತ್ತದೆ. ಪ್ರತಿದೀಪ್ತಿ (ಬೆಳಕು ಬಿದ್ದ ವಸ್ತು ತಾನೇ ಹೊಳೆಯುವುದು) ಆರುವುದನ್ನೋ ಲೇಸರ್ ಮಿಡಿತದ ನಡೆಯನ್ನೋ ನೋಡುವವರಿಗೆ ಅದು ವರವೇ ಸರಿ. ನಿಮಗೆ ಅದು ನಿಂತ ಚಿತ್ರ.

ಪ್ರಶ್ನೆ ಕೇಳಿದವರ ಮರುಮಾತು

ಮೂವರಿಗೂ ಧನ್ಯವಾದಗಳು. 10 ಲಕ್ಷ ಫ್ರೇಮುಗಳ ಕ್ಯಾಮೆರಾವನ್ನು ಎರವಲು ಕೇಳುತ್ತೇನೆ. ಬಣ್ಣದ ಗೆರೆಯನ್ನು ಗಾಜಿನ ಯಾವ ಮಗ್ಗುಲಿಗೆ ಎಳೆದಿದ್ದಿರಿ?

ಉತ್ತರ 2

ಪೆಟ್ಟು ಬೀಳುವ ಮಗ್ಗುಲಿಗೆ ಎದುರಿನದಕ್ಕೆ. ಪೆಟ್ಟಿನ ಮಗ್ಗುಲಿಗೆ ಎಳೆದಾಗ ಸುತ್ತಿಗೆಯ ಲೋಹವೇ ಗೆರೆಯನ್ನು ಮುಟ್ಟಿ ಸುಳ್ಳು ಸಂಕೇತ ಹೋಗುತ್ತಿತ್ತು.